ಐದು ವೋಲ್ಟಿನ ತಂತಿ ಎಲ್ಲಿ ತಗುಲಿತು?

ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ವೈರ್ ಬಾಡಿಗೆ ತಗುಲಿದರೆ ಫ್ಯೂಸ್ ಹೋಗುತ್ತಿತ್ತು. ಫ್ಯೂಸ್ ಇಲ್ಲದ ಕಡೆ ಹೊಗೆ ಏಳುತ್ತಿತ್ತು. ಹೊಗೆ ಬಂದಲ್ಲಿಗೆ ಕೈ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಈಗಿನ ಕಾರಿನ ಸೆನ್ಸಾರ್ ವೈರಿಂಗ್ ಶಾರ್ಟ್ ಆದರೆ ಹೊಗೆಯೂ ಇಲ್ಲ, ಸುಟ್ಟ ವಾಸನೆಯೂ ಇಲ್ಲ. ಫ್ಯೂಸ್‌ಗಳೆಲ್ಲ ನೆಟ್ಟಗಿರುತ್ತವೆ, ಗಾಡಿ ಮಾತ್ರ ಘಟ್ಟ ಹತ್ತುವುದಿಲ್ಲ. ಸಾಗರದಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿರುವ ನನಗೆ ಮಳೆಗಾಲ ಬಂತೆಂದರೆ ಇಂಥ ಗಾಡಿಗಳದೇ ಕೆಲಸ.

ಸೆನ್ಸಾರ್‌ಗಳಿಗೆ ಬ್ಯಾಟರಿಯ 12 ವೋಲ್ಟ್ ನೇರವಾಗಿ ಹೋಗುವುದು ಕಡಿಮೆ. ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಅಂದರೆ ಇಸಿಎಂ, ತನ್ನೊಳಗೇ 5 ವೋಲ್ಟ್ ತಯಾರಿಸಿ ಹಂಚುತ್ತದೆ. ಆಕ್ಸಿಲರೇಟರ್ ಪೆಡಲ್, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸಾರ್, ಎಸಿ ಗ್ಯಾಸಿನ ಒತ್ತಡ ನೋಡುವ ಸೆನ್ಸಾರ್, ಹೀಗೆ ಹಲವಕ್ಕೆ ಒಂದೇ ಮೂಲದಿಂದ ಕರೆಂಟ್ ಹೋಗುವುದುಂಟು. ಊರಿಗೆಲ್ಲ ಒಂದೇ ಟ್ಯಾಂಕಿನಿಂದ ನಲ್ಲಿ ನೀರು ಬಂದ ಹಾಗೆ. ಒಂದು ಕಡೆ ಪೈಪ್ ಒಡೆದರೆ ಎಲ್ಲ ಮನೆಯ ನಲ್ಲಿಯೂ ಸೊರಗುತ್ತದೆ. ಆ 5 ವೋಲ್ಟಿನ ತಂತಿ ಬಾಡಿಗೆ ತಗುಲಿದ ಕೂಡಲೇ ಇಸಿಎಂ ತನ್ನನ್ನು ಉಳಿಸಿಕೊಳ್ಳಲು ಕರೆಂಟಿಗೆ ಮಿತಿ ಹಾಕುತ್ತದೆ. ಫ್ಯೂಸ್ ಹೋಗದಿರುವುದಕ್ಕೆ ಕಾರಣ ಇದೇ.

ಈ ವ್ಯವಸ್ಥೆ ಮಾಡಿದವರ ಮುಂದಾಲೋಚನೆಯ ಬಗ್ಗೆ ನನಗೆ ನಿಜವಾದ ಗೌರವ. ಇಂಥ ಸೆನ್ಸಾರ್‌ಗಳು ಸಾಮಾನ್ಯವಾಗಿ 0.5ರಿಂದ 4.5 ವೋಲ್ಟಿನ ಒಳಗೇ ಮಾತಾಡುತ್ತವೆ. ಕೆಳಗೂ ಮೇಲೂ ಸ್ವಲ್ಪ ಜಾಗ ಬೇಕೆಂದೇ ಬಿಟ್ಟಿದ್ದಾರೆ. ಸಿಗ್ನಲ್ ಸೊನ್ನೆಗೆ ಇಳಿದರೆ ಅಥವಾ 5ಕ್ಕೆ ಹೋಗಿ ಅಂಟಿಕೊಂಡರೆ ಅದು ಅಳತೆಯಲ್ಲ, ತಂತಿಯದೋ ಸೆನ್ಸಾರಿನದೋ ತೊಂದರೆ ಎಂದು ಇಸಿಎಂಗೆ ತಿಳಿಯುತ್ತದೆ. ಆಕ್ಸಿಲರೇಟರ್ ಪೆಡಲಿನಲ್ಲಂತೂ ಎರಡು ಸೆನ್ಸಾರ್. ಹಲವು ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧದಷ್ಟಿರುತ್ತದೆ. ಎರಡೂ ಸಿಗ್ನಲ್ ವೈರ್‌ಗಳು ಒಂದಕ್ಕೊಂದು ತಗುಲಿದರೆ ವೋಲ್ಟೇಜ್ ಸಮನಾಗುತ್ತದೆ, ಲೆಕ್ಕ ತಪ್ಪಿದ್ದು ಗೊತ್ತಾಗಿ ಇಸಿಎಂ ಎಂಜಿನ್ ವೇಗ ಇಳಿಸುತ್ತದೆ. ಕಾರು ತಾನಾಗಿ ನುಗ್ಗಬಾರದಲ್ಲ, ಅದಕ್ಕೆ.

ಸ್ಕ್ಯಾನರ್ ಹಾಕಿದಾಗ ಕೋಡ್ ಬರುತ್ತದೆ. ಪಿ 0122 ಎಂದರೆ ಥ್ರಾಟಲ್ ಸೆನ್ಸಾರಿನ ಸಿಗ್ನಲ್ ಕಡಿಮೆ, ಪಿ 0642 ಎಂದರೆ 5 ವೋಲ್ಟಿನ ಮೂಲವೇ ಕಡಿಮೆ. ಕೋಡಿನಲ್ಲಿ ಸೆನ್ಸಾರಿನ ಹೆಸರು ಕಂಡ ತಕ್ಷಣ ಹೊಸದು ತರಿಸುವ ಅಭ್ಯಾಸ ಬೆಳೆದುಬಿಟ್ಟಿದೆ. ಇದು ನನಗೆ ಬಹಳ ಬೇಸರದ ಸಂಗತಿ, ಏಕೆಂದರೆ ದುಡ್ಡು ಹೋಗುವುದು ಗಾಡಿಯವರದು.

ತಾಳಗುಪ್ಪದ ಕಡೆಯಿಂದ ಒಬ್ಬರು ಕಾರು ತಂದಿದ್ದರು. ‘ಅಣ್ಣಾ, ಪೆಡಲ್ಲೇ ಬದಲಾಯಿಸ್ಬೇಕು ಅಂದ್ರು. ಅಷ್ಟು ದುಡ್ಡು ಎಲ್ಲಿಂದ ತರ್ಲಿ?’ ಎಂದರು. ಸ್ಕ್ಯಾನರಿನಲ್ಲಿ ಪೆಡಲ್, ಮ್ಯಾಪ್ ಎರಡರ ಕೋಡೂ ಇತ್ತು, ಜೊತೆಗೆ ಪಿ 0642 ಕೂಡ. ಎರಡು ಸೆನ್ಸಾರ್ ಒಟ್ಟಿಗೇ ಕೆಡುವುದು ಅಪರೂಪ. ಇಗ್ನಿಷನ್ ಆನ್ ಮಾಡಿ, ಪೆಡಲಿನ ಕಪ್ಲರ್, ಅಂದರೆ ವೈರ್ ಸಿಕ್ಕಿಸುವ ಪ್ಲಗ್, ಬಿಡಿಸಿ ಮೀಟರ್ ಹಿಡಿದೆ. 5 ಇರಬೇಕಾದಲ್ಲಿ 0.3. ಆಮೇಲೆ ಮ್ಯಾಪ್ ಸೆನ್ಸಾರಿನ ಕಪ್ಲರ್ ಬಿಡಿಸಿದೆ, ಎಸಿಯದ್ದನ್ನೂ ಬಿಡಿಸಿದೆ. ಯಾವುದಾದರೂ ಒಂದನ್ನು ಬಿಡಿಸಿದಾಗ 5 ವೋಲ್ಟ್ ಮರಳಿದ್ದರೆ ಆ ಸೆನ್ಸಾರಿನೊಳಗೇ ಶಾರ್ಟ್. ಆ ಸಾಲಿನಲ್ಲಿದ್ದ ಎಲ್ಲ ಬಿಡಿಸಿದರೂ ಮರಳಲಿಲ್ಲ. ಹಾಗಾದರೆ ಉಳಿದಿದ್ದು ವೈರಿಂಗ್ ಅಥವಾ ಇಸಿಎಂ.

ಬ್ಯಾಟರಿಯ ನೆಗೆಟಿವ್ ಕಳಚಿ, ಇಸಿಎಂ ಕಪ್ಲರನ್ನೂ ಬಿಡಿಸಿ, ಆ ತಂತಿಗೂ ಬಾಡಿಗೂ ನಡುವೆ ಓಮ್ ನೋಡಿದೆ. ಏನೂ ತೋರಿಸಬಾರದಿತ್ತು, ಕೆಲವೇ ಓಮ್ ತೋರಿಸಿತು. ಇಸಿಎಂ ಮೇಲಿನ ಅನುಮಾನ ಅಲ್ಲಿಗೆ ಹೋಯಿತು. ವೈರ್‌ಗಳ ಕಟ್ಟಾದ ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಮೀಟರ್ ನೋಡುತ್ತ ಹೋದೆ. ರೇಡಿಯೇಟರ್ ಪಕ್ಕದ ಬ್ರಾಕೆಟ್ ಹತ್ತಿರ ಬಂದಾಗ ಅಂಕೆ ಜಿಗಿಯಿತು. ಟೇಪ್ ಬಿಚ್ಚಿದರೆ ಎಸಿ ಸೆನ್ಸಾರಿಗೆ ಹೋಗುವ ವೈರಿನ ಪ್ಲಾಸ್ಟಿಕ್ ಉಜ್ಜಿ ಸವೆದು ತಾಮ್ರ ಕಬ್ಬಿಣಕ್ಕೆ ಕಚ್ಚಿಕೊಂಡಿತ್ತು. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಹಾರ್ನೆಸ್ಸನ್ನು ಬ್ರಾಕೆಟಿನಿಂದ ದೂರ ಕಟ್ಟಿದೆ. ಪೆಡಲಿಗೆ ಏನೂ ಆಗಿರಲಿಲ್ಲ.

ಎರಡೇ ತಂತಿಯ ಕೂಲಂಟ್ ಸೆನ್ಸಾರಿನ ಪರೀಕ್ಷೆ ಇನ್ನೂ ಸುಲಭ. ಅದು ಶಾರ್ಟ್ ಆದರೆ ಸ್ಕ್ಯಾನರ್ ಸುಮಾರು 140 ಡಿಗ್ರಿ ತೋರಿಸುತ್ತದೆ, ತಣ್ಣಗಿನ ಎಂಜಿನ್ನಿಗೂ ಫ್ಯಾನ್ ತಿರುಗುತ್ತದೆ. ಕಪ್ಲರ್ ಬಿಡಿಸಿದಾಗ ಮೈನಸ್ 40ಕ್ಕೆ ಇಳಿದರೆ ಸೆನ್ಸಾರ್ ಕೆಟ್ಟಿದೆ, ಇಳಿಯದಿದ್ದರೆ ವೈರ್ ನೋಡಬೇಕು.

ನಮ್ಮ ಕಡೆ ಇಂಥ ತೊಂದರೆಗಳಿಗೆ ಮುಖ್ಯ ಕಾರಣ ಇಲಿ. ಮಳೆಗೆ ಬೆಚ್ಚಗಿರುವ ಜಾಗ ಹುಡುಕಿ ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತವೆ. ಬಾನೆಟ್ ತೆರೆದು ಪ್ರೆಷರ್ ವಾಷ್ ಮಾಡಿಸಿದಾಗ ಕಪ್ಲರ್ ಒಳಗೆ ನೀರು ಹೋಗಿ ಪಿನ್ನುಗಳು ಹಸಿರುಗಟ್ಟುವುದೂ ಉಂಟು. ಹೆಚ್ಚುವರಿ ಲೈಟ್, ರಿಮೋಟ್ ಲಾಕ್ ಹಾಕುವವರು ಕೈಗೆ ಸಿಕ್ಕ ವೈರ್ ಸುಲಿದು ಜೋಡಿಸುವುದು ಇನ್ನೊಂದು.

ಈ ಕೆಲಸ ಕಲಿಯುತ್ತಿರುವ ಹುಡುಗರಿಗೆ ಒಂದು ಮಾತು: ಸೆನ್ಸಾರ್ ವೈರಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ, ಅದು ಎಳೆಯುವ ಕರೆಂಟಿಗೆ ಇಸಿಎಂ ಕೆಡಬಹುದು. ಡಿಜಿಟಲ್ ಮೀಟರ್ ಸಾಕು. ಏರ್‌ಬ್ಯಾಗಿನ ಹಳದಿ ಕಪ್ಲರಿಗಂತೂ ಅದನ್ನೂ ಹಿಡಿಯಬಾರದು. ಗಾಡಿಯವರು ಇಷ್ಟು ಮಾಡಬಹುದು: ಸೆನ್ಸಾರ್ ಬದಲಿಸಬೇಕು ಎಂದವರನ್ನು, ಕಪ್ಲರ್ ಬಿಡಿಸಿದಾಗ ವೈರಿನಲ್ಲಿ ಎಷ್ಟು ವೋಲ್ಟ್ ಬಂತು ಎಂದು ಕೇಳಿ. ಅಳತೆ ಮಾಡಿದವರು ಕೂಡಲೇ ಹೇಳುತ್ತಾರೆ.