ಲಾರಿ ಆಯಿಲ್ ಕುಡಿಯುತ್ತಿದೆಯೇ? ಎಂಜಿನ್ ಮತ್ತೆ ಬಿಚ್ಚುವ ಮುನ್ನ

ಲೈನರ್, ಪಿಸ್ಟನ್, ರಿಂಗ್ ಎಲ್ಲವೂ ಹೊಸದು. ಸಾಲ ಮಾಡಿ ಎಂಜಿನ್ ಕೆಲಸ ಮಾಡಿಸಿದ ಲಾರಿ ಗ್ಯಾರೇಜಿನಿಂದ ಹೊರಬಂದಿದೆ. ಎಳೆತ ಚೆನ್ನಾಗಿದೆ, ಸದ್ದೂ ಹದವಾಗಿದೆ. ಆದರೆ ಟ್ರಿಪ್ಪಿನಿಂದ ಟ್ರಿಪ್ಪಿಗೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುತ್ತಿದೆ. ಮಾಲೀಕರು ಮೇಸ್ತ್ರಿಯನ್ನು ದೂರುತ್ತಾರೆ, ಮೇಸ್ತ್ರಿ ರಿಂಗ್ ಸೆಟ್ಟನ್ನು ದೂರುತ್ತಾರೆ, ಎಂಜಿನ್ ಮತ್ತೆ ಬಿಚ್ಚಿಸಿಕೊಳ್ಳುತ್ತದೆ. ಈ ಎರಡನೆಯ ಖರ್ಚು ಎಷ್ಟೋ ಸಲ ಬೇಕಿರುವುದೇ ಇಲ್ಲ. ಆಯಿಲ್ ಹೊರಹೋಗುವ ದಾರಿಗಳು ಬೆರಳೆಣಿಕೆಯಷ್ಟು. ಹೋದ ದಾರಿಯಲ್ಲಿ ಅದು ಗುರುತು ಬಿಟ್ಟೇ ಹೋಗುತ್ತದೆ.

ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗ್. ಮೇಲಿನದು ಉರಿಯುವ ಅನಿಲವನ್ನು ತಡೆಯುತ್ತದೆ. ಕೆಳಗಿನ ಆಯಿಲ್ ರಿಂಗ್, ಲೈನರ್ ಗೋಡೆಗೆ ಚಿಮ್ಮಿದ ಆಯಿಲನ್ನು ಕೆರೆದು ಎಂಜಿನ್ನಿನ ತಳದ ಚೇಂಬರಿಗೆ ಮರಳಿಸುತ್ತದೆ. ನಡುವಿನದು ಎರಡೂ ಕೆಲಸಕ್ಕೆ ಕೈಜೋಡಿಸುತ್ತದೆ. ಗೋಡೆಯನ್ನು ಪೂರ್ತಿ ಒಣಗಿಸಿದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಕೆಲವೇ ಮೈಕ್ರಾನ್ ದಪ್ಪದ ಪೊರೆ ಉಳಿಯಲೇಬೇಕು, ಅದರಲ್ಲಿ ಸ್ವಲ್ಪ ಉರಿಯಲೇಬೇಕು. ಆರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿ ತಿರುಗುತ್ತ, ಗಂಟೆಗೆ 50 ಕಿ.ಮೀ. ವೇಗದಲ್ಲಿ 1000 ಕಿ.ಮೀ. ಓಡಿತೆನ್ನಿ. ಅಷ್ಟರಲ್ಲಿ ಸಿಲಿಂಡರುಗಳೊಳಗೆ 54 ಲಕ್ಷ ಸಲ ಡೀಸೆಲ್ ಹೊತ್ತಿರುತ್ತದೆ. ಒಂದು ಲೀಟರ್ ಆಯಿಲ್ ಖರ್ಚಾಗಿದ್ದರೆ, ಪ್ರತಿ ಸಲಕ್ಕೆ ಸಿಕ್ಕಿದ್ದು ಒಂದು ಹನಿಯನ್ನು ಇನ್ನೂರೈವತ್ತಕ್ಕೂ ಹೆಚ್ಚು ಪಾಲು ಮಾಡಿದಾಗ ಬರುವ ಒಂದು ಪಾಲು. ಇಷ್ಟು ಸೂಕ್ಷ್ಮವಾದ ಕೆಲಸ ರಿಂಗಿನದು.

ಹೊಸ ರಿಂಗ್ ಹಾಕಿದ ದಿನವೇ ಈ ಕೆಲಸಕ್ಕೆ ಪೂರ್ತಿ ಸಿದ್ಧವಾಗಿರುವುದಿಲ್ಲ. ಲೈನರಿನ ಒಳಮೈಯಲ್ಲಿ ಹೋನಿಂಗ್ ಮಾಡಿ ಎಳೆದ ಅಡ್ಡಡ್ಡ ಗೆರೆಗಳಿರುತ್ತವೆ. ಗೆರೆಗಳ ಕಣಿವೆ ಆಯಿಲನ್ನು ಹಿಡಿದಿಡುತ್ತದೆ, ದಿಬ್ಬ ರಿಂಗಿನೊಡನೆ ಸವೆದು ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿ, ಮೇಲಿನ ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಸ್ವಂತ ಬಿಗಿಗಿಂತ ಹೆಚ್ಚಾಗಿ ಅದರ ಹಿಂದೆ ನುಗ್ಗುವ ಅನಿಲದ ಒತ್ತಡ. ಲೋಡ್ ಇದ್ದರೆ ಒತ್ತಡ ಇರುತ್ತದೆ. ಹೊಸ ಎಂಜಿನ್ನಿಗೆ ತ್ರಾಸಾಗದಿರಲಿ ಎಂದು ಗಂಟೆಗಟ್ಟಲೆ ನ್ಯೂಟ್ರಲ್‌ನಲ್ಲಿ ಬಿಟ್ಟರೆ ರಿಂಗ್ ಗೋಡೆಯ ಮೇಲೆ ಜಾರುತ್ತದೆಯೇ ಹೊರತು ಕೂರುವುದಿಲ್ಲ. ಅರೆ ಬೆಂದ ಆಯಿಲ್ ಗೆರೆಗಳಲ್ಲಿ ತುಂಬಿ, ಲೈನರ್ ತವೆಗೆ ಹತ್ತಿದ ಎಣ್ಣೆಜಿಡ್ಡಿನಂತೆ ನುಣುಪಾಗುತ್ತದೆ. ಹಾಗೆ ಗಟ್ಟಿಯಾದ ಮೇಲೆ ಮತ್ತೆ ಹೋನಿಂಗ್ ಮಾಡದೆ ಗತಿಯಿಲ್ಲ. ಆರಂಭದಲ್ಲೇ ಎಚ್ಚೆತ್ತು, ಎಂಜಿನ್ ಕಾದ ಮೇಲೆ ಮಧ್ಯಮ ಲೋಡಿನಲ್ಲಿ, ವೇಗವನ್ನು ಏರಿಳಿಸುತ್ತ ಓಡಿಸಿದರೆ ರಿಂಗ್ ಕೂರುತ್ತದೆ, ಖರ್ಚು ತಾನಾಗಿ ಇಳಿಯುತ್ತದೆ.

ಆದ್ದರಿಂದ ಮೊದಲ ಕೆಲಸ ಅಳತೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಯಿಲ್ ಚೇಂಬರಿಗೆ ಇಳಿಯುವಷ್ಟು ಹೊತ್ತು ಬಿಟ್ಟು, ಪ್ರತಿ ಸಲ ಒಂದೇ ರೀತಿಯಲ್ಲಿ ನೋಡಬೇಕು. ಹಾಕಿದ ಆಯಿಲ್, ಓಡಿದ ಕಿಲೋಮೀಟರ್, ಸುಟ್ಟ ಡೀಸೆಲ್ ಮೂರನ್ನೂ ಬರೆದಿಡಬೇಕು. ಲೀಟರಿಗೆ 4 ಕಿ.ಮೀ. ಕೊಡುವ ಲಾರಿ 1000 ಕಿ.ಮೀ.ಗೆ 250 ಲೀಟರ್ ಡೀಸೆಲ್ ಸುಡುತ್ತದೆ. ಆಯಿಲ್ ಒಂದು ಲೀಟರ್ ಹೋಗಿದ್ದರೆ ಅದು ಡೀಸೆಲ್ಲಿನ ಶೇ. 0.4. ಈ ಅಂಕಿಯನ್ನು ಆ ಎಂಜಿನ್ನಿನ ಕೈಪಿಡಿಯ ಮಿತಿಯೊಡನೆ ಹೋಲಿಸಬೇಕು. ಮೇಲಿನ ಗೆರೆಯಿಂದ ಬೇಗ ಇಳಿದು, ಆಮೇಲೆ ಒಂದು ಮಟ್ಟದಲ್ಲಿ ನಿಂತರೆ, ಆಯಿಲ್ ಅಗತ್ಯಕ್ಕಿಂತ ಹೆಚ್ಚು ತುಂಬಿದೆಯೇ, ಬೇರೆ ಎಂಜಿನ್ನಿನ ಡಿಪ್‌ಸ್ಟಿಕ್ ಸೇರಿಕೊಂಡಿದೆಯೇ ಎಂದು ನೋಡಬೇಕು. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ಬ್ರೀದರ್ ಪೈಪಿನಿಂದ ಹೊರದಬ್ಬುತ್ತದೆ.

ಆಮೇಲೆ ಹೊರಗಿನಿಂದ ಒಳಗೆ ಬರಬೇಕು. ಎಂಜಿನ್ ತೊಳೆದು ಓಡಿಸಿದರೆ ಸೋರಿಕೆ ಕಣ್ಣಿಗೆ ಬೀಳುತ್ತದೆ. ಬ್ರೇಕಿನ ಏರ್ ಟ್ಯಾಂಕಿನ ಡ್ರೈನ್ ತೆರೆದಾಗ ಆಯಿಲ್ ಧಾರಾಳವಾಗಿ ಬಂದರೆ ದೋಷ ಏರ್ ಕಂಪ್ರೆಸರಿನದು. ಟರ್ಬೊದಿಂದ ಆಯಿಲ್ ಮರಳುವುದು ಗುರುತ್ವದ ಬಲದಿಂದ ಮಾತ್ರ. ರಿಪೇರಿ ವೇಳೆ ಧಾರಾಳವಾಗಿ ಬಳಿದ ಗ್ಯಾಸ್ಕೆಟ್ ಪೇಸ್ಟ್ ಆ ಪೈಪನ್ನು ಅರ್ಧ ಮುಚ್ಚಿದರೂ ಆಯಿಲ್ ಹಿಮ್ಮೆಟ್ಟಿ, ಟರ್ಬೊ ಸೀಲ್ ದಾಟಿ, ಗಾಳಿಯ ದಾರಿಯಲ್ಲೋ ಹೊಗೆಯ ದಾರಿಯಲ್ಲೋ ಹೋಗುತ್ತದೆ. ಟರ್ಬೊ ಒಳ್ಳೆಯದೇ ಇದ್ದರೂ ಹೀಗಾಗುತ್ತದೆ. ಕಟ್ಟಿಕೊಂಡ ಏರ್ ಫಿಲ್ಟರ್ ಕೂಡ ಅಲ್ಲಿಂದ ಆಯಿಲನ್ನು ಹೀರಿಸಬಲ್ಲದು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸ್ ಬಿಚ್ಚಿದರೆ ತಿಳಿಯುತ್ತದೆ: ಪಸೆ ಇದ್ದರೆ ಚಿಂತೆಯಿಲ್ಲ, ಆಯಿಲ್ ನಿಂತಿದ್ದರೆ ಚಿಂತಿಸಬೇಕು.

ನೀಲಿ ಹೊಗೆ ಆಯಿಲ್ ಉರಿಯುತ್ತಿರುವ ಸೂಚನೆ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಹೊಗೆಯ ಕಣಗಳನ್ನು ಸೈಲೆನ್ಸರ್ ದಾರಿಯ ಫಿಲ್ಟರ್ ಹಿಡಿದುಬಿಡುವುದರಿಂದ, ಹೊಗೆ ಕಾಣದಿದ್ದರೂ ಆಯಿಲ್ ಉರಿಯುತ್ತಿರಬಹುದು. ಆಯಿಲಿನ ಬೂದಿ ಆ ಫಿಲ್ಟರಿನಲ್ಲೇ ಉಳಿದು ಇನ್ನೊಂದು ದುಬಾರಿ ಖರ್ಚು ತರುತ್ತದೆ.

ಕಂಪ್ರೆಷನ್ ಸರಿಯಿದೆ ಎಂದ ಮಾತ್ರಕ್ಕೆ ಒಳಗೆ ತಪ್ಪಿಲ್ಲ ಎನ್ನಲಾಗದು. ಕಂಪ್ರೆಷನ್ ತೋರಿಸುವುದು ಮುಖ್ಯವಾಗಿ ಮೇಲಿನ ರಿಂಗುಗಳ ಹಾಗೂ ವಾಲ್ವುಗಳ ಸ್ಥಿತಿಯನ್ನು. ಆಯಿಲ್ ರಿಂಗ್ ಕೆಟ್ಟಿದ್ದರೂ ಅದು ಚೆನ್ನಾಗಿಯೇ ಬರಬಹುದು. ಬ್ರೀದರ್ ಪೈಪಿನಿಂದ ಹೊಮ್ಮುವ ಗಾಳಿಯನ್ನೂ ಪರೀಕ್ಷಿಸಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ನೋಡುವುದು ಇನ್ನೂ ಒಳ್ಳೆಯದು. ಒಂದೇ ಪೋರ್ಟ್ ಜಿಡ್ಡಾಗಿದ್ದರೆ ಆ ಸಿಲಿಂಡರಿನ ರಿಂಗ್ ಮುರಿದಿದೆಯೋ, ಆಯಿಲ್ ರಿಂಗಿನ ಸ್ಪ್ರಿಂಗಿನ ತುದಿಗಳು ಒಂದರ ಮೇಲೊಂದು ಕೂತಿವೆಯೋ, ಅಲ್ಲಿನ ವಾಲ್ವ್ ಸೀಲ್ ಜೋಡಿಸುವಾಗ ಹರಿದಿದೆಯೋ ನೋಡಬೇಕು. ಎಲ್ಲ ಪೋರ್ಟುಗಳೂ ಒಂದೇ ಸಮ ಒದ್ದೆಯಾಗಿದ್ದರೆ ಲೈನರ್ ನುಣುಪಾಗಿದೆಯೋ, ಟರ್ಬೊದಿಂದ ಆಯಿಲ್ ಬರುತ್ತಿದೆಯೋ, ಗಾಳಿಯ ದಾರಿಯಲ್ಲಿ ಧೂಳು ನುಗ್ಗಿ ರಿಂಗ್ ಸವೆದಿದೆಯೋ, ರಿಂಗುಗಳು ತಲೆಕೆಳಗಾಗಿ ಕೂತಿವೆಯೋ ಎಂಬುದು ಪ್ರಶ್ನೆ. ಎರಡನೆಯ ರಿಂಗಿನ 'ಟಾಪ್' ಗುರುತು ಕೆಳಗಾದರೆ ಅದು ಆಯಿಲನ್ನು ಕೆಳಗೆ ಕೆರೆಯುವ ಬದಲು ಮೇಲಕ್ಕೆ ತಳ್ಳುತ್ತದೆ.

ಇಷ್ಟಾದ ಮೇಲೂ ಹೆಡ್ ಇಳಿಸಬೇಕಾಗಿ ಬಂದರೆ ಇಳಿಸಲಿ. ಆಗ ಏನನ್ನು ಹುಡುಕಬೇಕು ಎಂಬುದು ಗೊತ್ತಿರುತ್ತದೆ. ಲೈನರಿನ ಅಳತೆ, ರಿಂಗ್ ಗ್ಯಾಪ್, ಹಾಕಿದ ಆಯಿಲಿನ ದರ್ಜೆ ಮತ್ತು ಪ್ರಮಾಣ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಡುವ ರೂಢಿ ಪ್ರತಿ ಗ್ಯಾರೇಜಿನಲ್ಲೂ ಬರಬೇಕು. ಮಾಲೀಕರೂ ಅದನ್ನು ಕೇಳಿ ಪಡೆಯಬೇಕು. ಒಂದೇ ಲಾರಿಯ ದುಡಿಮೆಯಲ್ಲಿ ಮನೆ ನಡೆಸುವವರಿಗೆ ಎಂಜಿನ್ನನ್ನು ಎರಡು ಸಲ ಕಟ್ಟಿಸುವ ಶಕ್ತಿ ಇರುವುದಿಲ್ಲ.