ಹನ್ನೊಂದು ಕೀಲಿಗಳಲ್ಲಿ ಕೂಡಲಸಂಗಮದೇವ

ಬಸವಣ್ಣನವರ ವಚನಗಳನ್ನು ಕಂಪ್ಯೂಟರಿಗೆ ಏರಿಸಲು ಕೂತವರು ವಚನ ವಚನಕ್ಕೂ ಟೈಪ್ ಮಾಡಬೇಕಾದ ಪದ 'ಕೂಡಲಸಂಗಮದೇವ'. ಸರ್ಕಾರ ಒಪ್ಪಿರುವ ಕೀಲಿಮಣೆಯಲ್ಲಿ ಅದಕ್ಕೆ, ಶಿಫ್ಟ್ ಲೆಕ್ಕಕ್ಕೆ ಹಿಡಿಯದಿದ್ದರೆ, ಹನ್ನೊಂದು ಕೀಲಿ ಸಾಕು: ಕೆ, ಯು, ಡಬ್ಲ್ಯು, ಎಲ್, ಎಸ್, ಎಂ, ಜಿ, ಮತ್ತೆ ಎಂ, ಡಿ, ಇ, ವಿ. ಇದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದು ಕನ್ನಡಕ್ಕೆ ತಿರುಗಿಸುವ ಕ್ರಮದಲ್ಲಿ ಹದಿನೇಳು ಸಲ ಒತ್ತಬೇಕು. ಆರು ಒತ್ತು ಉಳಿದದ್ದು ಹೇಗೆಂದು ನೋಡಿದರೆ, ಅಲ್ಲಿ ಕೆಲಸ ಮಾಡಿರುವುದು ಕಂಪ್ಯೂಟರ್ ಜ್ಞಾನಕ್ಕಿಂತ ಹೆಚ್ಚಾಗಿ ಕಾಗುಣಿತದ ಜ್ಞಾನ. ಕನ್ನಡದ ವ್ಯಂಜನದೊಳಗೆ ಅಕಾರ ಇದ್ದೇ ಇರುತ್ತದೆ, ಅದನ್ನು ಮತ್ತೆ ಒತ್ತಬೇಕಾಗಿಲ್ಲ. ಯು ಕೀಲಿ ಪದದ ಮೊದಲಿಗೆ ಬಂದರೆ 'ಉ', ವ್ಯಂಜನದ ನಂತರ ಬಂದರೆ ಕೊಂಬು. ಯಾವುದು ಎಂಬುದನ್ನು ಯಂತ್ರವೇ ತೀರ್ಮಾನಿಸಲಿ. ಟಿ ಮತ್ತು ಡಿ ಕೀಲಿಗಳು ತ, ದಗಳ ಪಾಲಾದವು. ಕನ್ನಡಕ್ಕೆ ಬೇಡವಾಗಿದ್ದ ಕ್ಯು, ಡಬ್ಲ್ಯುಗಳಲ್ಲಿ ಟ, ಡ ಕೂತವು. ಷಕಾರಕ್ಕೆ ಎಕ್ಸ್. ಒತ್ತಕ್ಷರ ಕೂಡಿಸುವ ಹಲಂತ ಎಡಗೈ ತೋರುಬೆರಳಿನ ಕೆಳಗೇ ಇರುವ ಎಫ್‌ನಲ್ಲಿ. ಕನ್ನಡದಲ್ಲಿ ದ್ವಿತ್ವ, ಸಂಯುಕ್ತಾಕ್ಷರ ಎಷ್ಟು ಸಲ ಬರುತ್ತವೆ ಎಂದು ಬಲ್ಲವರಿಗೆ ಮಾತ್ರ ಅಷ್ಟು ಒಳ್ಳೆಯ ಜಾಗವನ್ನು ಅದಕ್ಕೆ ಬಿಟ್ಟುಕೊಡಲು ತೋಚುತ್ತದೆ.

ಈ ವಿನ್ಯಾಸ ಮಾಡಿದ ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರೂ ಕರೆಯುವಂತೆ ಕೆ.ಪಿ. ರಾವ್, 1940ರಲ್ಲಿ ಮಂಗಳೂರಿನ ಬಳಿಯ ಹಳ್ಳಿಯಲ್ಲಿ ಹುಟ್ಟಿದವರು. ಅವರು ಓದುವ ಕಾಲಕ್ಕೆ ಕಂಪ್ಯೂಟರ್ ಪದವಿ ಎಂಬುದು ಈ ದೇಶದಲ್ಲಿ ಇರಲೇ ಇಲ್ಲ. ಮುಂಬೈಯ ವಿಜ್ಞಾನ ಸಂಸ್ಥೆಗಳಲ್ಲಿ ಕೆಲಸ ಆರಂಭಿಸಿ, ಟಾಟಾ ಪ್ರೆಸ್, ಮೊನೊಟೈಪ್‌ಗಳಲ್ಲಿ ಅಚ್ಚುಮೊಳೆಯ ಕಾಲ ಮುಗಿದು ಫೋಟೊ ಟೈಪ್‌ಸೆಟ್ಟಿಂಗ್ ಬರುವುದನ್ನು ಒಳಗಿನಿಂದ ಕಂಡರು. ಭಾರತೀಯ ಲಿಪಿಗಳನ್ನು ಆ ಯಂತ್ರಗಳಿಗೆ ಒಗ್ಗಿಸುವ ಕೆಲಸವೇ ಅವರಿಗೆ ಕಂಪ್ಯೂಟರ್ ಕಲಿಸಿತು. ತಾವು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ಯು.ಬಿ. ಪವನಜ ಅವರದು ಬೇರೆ ದಾರಿ. ರಸಾಯನವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, 1996ರಲ್ಲಿ ಕನ್ನಡದ ಮೊದಲ ಅಂತರಜಾಲ ತಾಣ 'ವಿಶ್ವಕನ್ನಡ'ವನ್ನು ತಂದರು; ಆಮೇಲೆ ಆ ಕೇಂದ್ರದ ಕೆಲಸವನ್ನೇ ಬಿಟ್ಟು ಬೆಂಗಳೂರಿಗೆ ಬಂದು ಭಾರತೀಯ ಭಾಷೆಗಳ ಗಣಕ ತಂತ್ರಜ್ಞಾನವನ್ನೇ ವೃತ್ತಿ ಮಾಡಿಕೊಂಡರು. ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಖಚಿತವಾಗುವುದು ಇಷ್ಟು: ಸ್ವಂತವಾಗಿ ಕಲಿತವರನ್ನು ವೃತ್ತಿಯ ಹೊಸಿಲು ದಾಟಿಸಿದ್ದು ಬರೀ ಕಂಪ್ಯೂಟರಿನ ಮೇಲಿನ ಮೋಹವಲ್ಲ. ಕಂಪ್ಯೂಟರಿಲ್ಲದೆ ಆಗದ, ತಮ್ಮದೇ ಆದ ಒಂದು ಕೆಲಸ ಅವರ ಕೈಯಲ್ಲಿತ್ತು.

ಕೂಡಲಸಂಗಮದ ಸೀಮೆಗೆ ಇದು ಹೊಸ ಮಾತೇನಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಆಗ ಕೂಡಲಸಂಗಮವೂ ಅದೇ ಜಿಲ್ಲೆಗೆ ಸೇರಿತ್ತು. ವಚನದ ತಾಡೋಲೆಗಳು ಅಚ್ಚಾಗಬೇಕಿತ್ತು, ಅದಕ್ಕಾಗಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, ವಕೀಲಿಕೆಯ ಜೊತೆಗೆ ಅಚ್ಚುಕೂಟದ ವ್ಯವಹಾರವನ್ನೂ ಹೊತ್ತರು. ಮುಂದೆ ಸಮಗ್ರ ವಚನ ಸಂಪುಟಗಳು ಬಂದವು, ಅವು ಕಂಪ್ಯೂಟರಿಗೂ ಏರಿದವು. ಓಂಶಿವಪ್ರಕಾಶ್ ಮತ್ತು ಗೆಳೆಯರು ಅವನ್ನು 'ವಚನ ಸಂಚಯ'ವಾಗಿ ಹುಡುಕಲು ಬರುವಂತೆ ಮಾಡಿದಾಗ ಎದುರಾದ ತೊಡಕು ನೋಡಿ. ಹಳೆಯ ಆಸ್ಕಿ ಫಾಂಟುಗಳು ಅಕ್ಷರವನ್ನು ಕಣ್ಣಿಗೆ ಕಾಣುವ ತುಂಡುಗಳಾಗಿ ಉಳಿಸಿಕೊಳ್ಳುತ್ತವೆ. 'ಧರ್ಮ' ಎಂದು ಬರೆದರೆ ಧ, ಮ, ಆಮೇಲೆ ಅರ್ಕಾವೊತ್ತು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮವೇ ಕ್ರಮ: ಧ, ರ, ಹಲಂತ, ಮ. ಹಾಗಾಗಿ ಪರಿವರ್ತಿಸುವಾಗ ಅರ್ಕಾವೊತ್ತನ್ನು ಹಿಡಿದು ಒಂದಕ್ಷರ ಹಿಂದಕ್ಕೆ ತರಬೇಕು. ಆ ಮಕಾರಕ್ಕೆ ಗುಣಿತವೋ ಇನ್ನೊಂದು ಒತ್ತೋ ಇದ್ದರೆ ಅದನ್ನೂ ದಾಟಿಸಿ ತರಬೇಕು. ಪ್ರೋಗ್ರಾಮಿಂಗ್ ಮಾತ್ರ ಗೊತ್ತಿದ್ದವರು ಇಲ್ಲಿ ಎಡವುತ್ತಾರೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಕೊಟ್ಟ ಅರವಿಂದ ವಿ.ಕೆ. ಅವರು ಇಂಥ ಪರಿವರ್ತಕವನ್ನೂ ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಕನ್ನಡದ ಮಟ್ಟಿಗೆ ಇದು ಒಂದು ಸೇತುವೆ ಕಟ್ಟಿಕೊಟ್ಟಷ್ಟೇ ದೊಡ್ಡ ಉಪಕಾರ ಎಂಬುದು ನನ್ನ ಅಭಿಪ್ರಾಯ.

ಸ್ವಂತ ಕೆಲಸವೇ ದಾರಿ ಎಂಬ ಈ ಮಾತಿಗೆ ಎದುರಾಗಿ ಹೇಳಬಹುದಾದ್ದು ಬಹಳ ಇದೆ. ರಾವ್, ಪವನಜ ಇಬ್ಬರೂ ಮುಂಬೈಯ ದೊಡ್ಡ ಸಂಸ್ಥೆಗಳಲ್ಲಿದ್ದವರು, ಯಂತ್ರ ಕೈಗೆಟುಕುವಲ್ಲಿತ್ತು, ತಿಂಗಳ ಸಂಬಳ ಬರುತ್ತಿತ್ತು. ಇದೇ ಸೀಮೆಯ ಹುನಗುಂದದ ಹುಡುಗನಿಗೆ ಅವರ ಉದಾಹರಣೆ ಹೇಗೆ ಸಲ್ಲುತ್ತದೆ? ಆಕ್ಷೇಪ ನ್ಯಾಯವಾದದ್ದು. 1960ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಫ್ರ್ಯಾಕ್ ಎಂಬ ಕಂಪ್ಯೂಟರ್ ನಡೆಸುತ್ತಿದ್ದಾಗ ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಕೂಡ ಇನ್ನೂ ಆರಂಭವಾಗಿರಲಿಲ್ಲ, ಅದು ಬಂದದ್ದು 1963ರಲ್ಲಿ. ಆದರೆ ಆ ಅಂತರ ಈಗ ಬಹಳ ಕಿರಿದಾಗಿದೆ. ಯಂತ್ರ ತಾಲ್ಲೂಕಿಗೆ ಬಂದಿದೆ, ಪಾಠಗಳು ಮೊಬೈಲಿನಲ್ಲೇ ಸಿಗುತ್ತವೆ. ಸಿಗದೆ ಇರುವುದು ಕೆಲಸದ ಗುರಿ. ಆರು ತಿಂಗಳ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡಿದವರಿಗೆ ಏನೇನು ಕಲಿತಿರಿ ಎಂದು ಕೇಳಿದರೆ ಉತ್ತರ ಬರುತ್ತದೆ, ಏನು ಮಾಡಿದಿರಿ ಎಂದರೆ ಬರುವುದಿಲ್ಲ. ಇನ್ನೊಂದು ಆಕ್ಷೇಪ ಹೊಟ್ಟೆಪಾಡಿನದು: ಉಚಿತವಾಗಿ ಹಂಚಿದ ತಂತ್ರಾಂಶದಿಂದ ಸಂಸಾರ ನಡೆಯುವುದಿಲ್ಲ. ನಿಜ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಉಚಿತವಾಗಿ ಕೊಟ್ಟ 'ಬರಹ' ತಂತ್ರಾಂಶಕ್ಕೂ ಮುಂದೆ ಬೆಲೆ ಇಡಬೇಕಾಯಿತು, ಅದನ್ನು ತಪ್ಪೆನ್ನಲಾಗದು. ರಾವ್ ಅವರ ಅನ್ನ ಬಂದದ್ದು ಮುದ್ರಣ ತಂತ್ರಜ್ಞಾನದ ನೌಕರಿಯಿಂದ. ಆದರೆ ಹಂಚಿದ ಕೆಲಸವೇ ಪದವಿಯಿಲ್ಲದವರಿಗೆ ಪದವಿಯ ಜಾಗದಲ್ಲಿ ನಿಲ್ಲುತ್ತದೆ. ಯಾರು ಬೇಕಾದರೂ ತೆರೆದು, ಓಡಿಸಿ, ಪರೀಕ್ಷಿಸಿ ನೋಡಬಹುದು. ಮೊದಲ ಸುತ್ತಿನಲ್ಲೇ ಅಂಕಪಟ್ಟಿ ಕೇಳುವ ಕಂಪನಿಗಳು ಈಗಲೂ ಇವೆ, ಅವುಗಳ ಬಾಗಿಲು ಹೀಗೆ ತೆರೆಯದು. ವೈದ್ಯಕೀಯ ಉಪಕರಣ, ಅಣೆಕಟ್ಟೆಯ ನಿಯಂತ್ರಣದಂಥ ಕಡೆ ಕ್ರಮಬದ್ಧ ಓದು ಬೇಕೇ ಬೇಕು ಎಂಬುದನ್ನೂ ಒಪ್ಪುತ್ತೇನೆ.

ಹಾಗಿದ್ದರೂ ಈ ಸೀಮೆಯಲ್ಲಿ ಕೆಲಸಕ್ಕೆ ಬರವಿಲ್ಲ. ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಪುರಾಣ ಪ್ರವಚನದ ಪುಸ್ತಕಗಳು 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಕೂತಿವೆ. ಅವನ್ನು ಟೈಪ್ ಮಾಡಿದವರು ಕೀಲಿಮಣೆ ನೋಡದೆ ಅರ್ಕಾವೊತ್ತು ಹಾಕಬಲ್ಲರು, ಫಾಂಟು ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಕಣ್ಣಲ್ಲೇ ಹೇಳಬಲ್ಲರು, ಮತ್ತು ಇದನ್ನು ಯಾರೂ ತಂತ್ರಜ್ಞಾನವೆಂದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಸೆರಗಿನ ವಿನ್ಯಾಸದ ಲೆಕ್ಕ ಇದೆ, ಅದನ್ನು ಪ್ರೋಗ್ರಾಮಾಗಿ ಬರೆಯಬಹುದು. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನದಂಥ ಹಳೆಯ ಲಿಪಿಯ ಬರಹ ಇದೆ, ಅದನ್ನು ಚಿತ್ರದಿಂದ ಓದುವ ಕೆಲಸ ಪ್ರೋಗ್ರಾಮ್ ಬರೆಯುವವರಿಗಾಗಿ ಕಾದಿದೆ. ಬಾಗಲಕೋಟೆ ಜಿಲ್ಲೆಯ ಕಾಲೇಜುಗಳು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಬೇರೆಯವರು ಮಾಡಿಟ್ಟದ್ದನ್ನು ತರಿಸಿಕೊಳ್ಳುವ ಬದಲು ಇವುಗಳಲ್ಲಿ ಒಂದನ್ನು ಕೊಡಲಿ, ಡಿಟಿಪಿ ಅಂಗಡಿಯವರನ್ನೂ ಆ ಮೇಜಿಗೆ ಕರೆದು ಕೂರಿಸಲಿ.