ಹೊಟ್ಟೆಯ ಕಾಯಿಲೆಗೆಲ್ಲ ಒಂದೇ ಹೆಸರು: ಗ್ಯಾಸ್ಟ್ರಿಕ್!

ಶಿಕಾರಿಪುರದಲ್ಲೋ ಸೊರಬದಲ್ಲೋ ಒಂದು ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ಒಬ್ಬರು ಬರ್ತಾರೆ, "ಗ್ಯಾಸ್ಟ್ರಿಕ್‌ಗೆ ಮಾತ್ರೆ ಕೊಡಿ" ಅಂತಾರೆ. ಅವರಿಗಿರೋದು ಎದೆಯುರಿ. ಇನ್ನೊಬ್ಬರು ಬಂದು ಅದನ್ನೇ ಕೇಳ್ತಾರೆ. ಅವರಿಗೆ ಬೆಳಗಿನಿಂದ ಎರಡು ಸಲ ವಾಂತಿಯಾಗಿದೆ. ಮೂರನೆಯವರಿಗೆ ಎದೆ ಹಿಡಿದ ಹಾಗಾಗಿ ಬೆವರು ಕಿತ್ತುಕೊಂಡು ಬರ್ತಿದೆ. ಅವರು ಕೇಳೋದೂ ಅದೇ ಮಾತ್ರೆ! ಮೂರು ತೊಂದರೆ, ಒಂದೇ ಪದ. ಇದು ಬರೀ ಭಾಷೆಯ ವಿಷಯ ಅಲ್ಲ, ಜೀವದ ವಿಷಯ.

ಮೊದಲು ಇಂಗ್ಲಿಷನ್ನೇ ನೋಡೋಣ. 'ಗ್ಯಾಸ್ಟ್ರಿಕ್' ಅಂದರೆ ಹೊಟ್ಟೆಗೆ ಸಂಬಂಧಪಟ್ಟದ್ದು, ಅಷ್ಟೇ. ಅದು ಕಾಯಿಲೆಯ ಹೆಸರೇ ಅಲ್ಲ. ನಾವು ಅದನ್ನು ಕಾಯಿಲೆ ಮಾಡಿಬಿಟ್ಟಿದ್ದೇವೆ. 'ಸಿಕ್' ಅನ್ನೋ ಪದ ಇನ್ನೂ ಗೊಂದಲದ್ದು. ಇಂಗ್ಲೆಂಡಿನವರು 'ಐ ವಾಸ್ ಸಿಕ್' ಅಂದರೆ ಸಾಮಾನ್ಯವಾಗಿ ವಾಂತಿ ಮಾಡಿಕೊಂಡೆ ಅಂತ ಅರ್ಥ. ಅಮೆರಿಕದವರು ಅದನ್ನೇ ಹೇಳಿದರೆ ಹುಷಾರಿರಲಿಲ್ಲ ಅಂತ. 'ನಾಸಿಯಾ' ಅಂದರೆ ವಾಕರಿಕೆ. ಗ್ರೀಕ್ ಭಾಷೆಯಲ್ಲಿ ಹಡಗಿಗಿದ್ದ ಪದದಿಂದ ಅದು ಹುಟ್ಟಿದ್ದು. ಹಡಗಿನಲ್ಲಿ ಕೂತವನಿಗೆ ಆಗುವ ಸಂಕಟವೇ ಅದರ ಮೂಲ ಅರ್ಥ. ನಮ್ಮಲ್ಲಿ ಘಾಟಿ ಬಸ್ಸಿನಲ್ಲಿ ಆಗುತ್ತಲ್ಲ, ಅದೇ! ಇನ್ನು 'ಕ್ವೀಸಿ' ಅಂದರೆ ಹೊಟ್ಟೆ ಸಣ್ಣಗೆ ತೊಳಸೋದು. 'ರೆಚ್' ಅಂದರೆ ಒತ್ತಿ ಒತ್ತಿ ಬಂದರೂ ಏನೂ ಹೊರಗೆ ಬಾರದಿರೋದು. 'ವಾಮಿಟ್', 'ಥ್ರೋ ಅಪ್', 'ಪ್ಯೂಕ್' ಮೂರೂ ವಾಂತಿಯೇ. ಮೊದಲನೆಯದು ಆಸ್ಪತ್ರೆಯ ಪದ, ಎರಡನೆಯದು ಮನೆಯ ಮಾತು, ಮೂರನೆಯದು ಸ್ನೇಹಿತರ ನಡುವಿನ ಒರಟು ಮಾತು.

ಹಾಗಂತ ಕನ್ನಡಕ್ಕೆ ಬಡತನವಾ? ಖಂಡಿತ ಇಲ್ಲ. ಹೊಟ್ಟೆ ತೊಳಸೋದು ಬೇರೆ, ಹೊಟ್ಟೆ ಮುರಿಯೋದು ಬೇರೆ. ಹೊಟ್ಟೆ ಉಬ್ಬರ, ಹುಳಿತೇಗು, ಎದೆಯುರಿ, ಓಕರಿಕೆ, ವಾಂತಿ, ಭೇದಿ ಎಲ್ಲವೂ ಬೇರೆ ಬೇರೆ. "ಹೊಟ್ಟೆ ತೊಳಸ್ತೈತಿ ಡಾಕ್ಟ್ರೇ, ಬಾಯಲ್ಲಿ ನೀರು ಬರ್ತೈತಿ, ಆದ್ರೆ ವಾಂತಿ ಆಗ್ತಿಲ್ಲ" ಅಂತ ಅಜ್ಜಿ ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ. ಅದೇ ಅಜ್ಜಿಯ ಮೊಮ್ಮಗ ಬಂದು "ಗ್ಯಾಸ್ಟ್ರಿಕ್ ಸಾರ್" ಅಂದರೆ ಕೆಲಸ ಮತ್ತೆ ಮೊದಲಿನಿಂದ ಶುರು.

ಸೊರಬದ ಹೆಸರು ಯಾಕೆ ಹೇಳಿದೆ ಗೊತ್ತಾ? ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರಿದೆ. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಗುರುತಿಸಿದರು. ಅದೇ ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಅದನ್ನು ಹರಡೋದು ಕಾಡಿನ ಉಣುಗು. ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ಮೈಕೈ ನೋವು ಬರುತ್ತೆ. ಅದರ ಬೆನ್ನಿಗೇ ವಾಂತಿ, ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳಬಹುದು. ಕೆಲವರಿಗೆ ರಕ್ತಸ್ರಾವವೂ ಆಗುತ್ತೆ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯೋದಿಲ್ಲ. 2018-19ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜೀವಗಳೇ ಹೋದವು.

ಈಗ ಯೋಚನೆ ಮಾಡಿ. ಕಾಡಿಗೆ ತರಗೆಲೆ ತರಲು ಹೋಗಿದ್ದ ಒಬ್ಬರಿಗೆ ವಾರದೊಳಗೆ ಜ್ವರ, ವಾಂತಿ ಶುರುವಾಗುತ್ತೆ. ಅವರು ಅಂಗಡಿಗೆ ಹೋಗಿ "ಗ್ಯಾಸ್ಟ್ರಿಕ್" ಅಂತ ಮಾತ್ರೆ ನುಂಗಿ ಮಲಗಿದರೆ? ರಕ್ತಪರೀಕ್ಷೆ ಆಗಬೇಕಿದ್ದ ದಿನಗಳು ಹಾಗೇ ಕಳೆದುಹೋಗುತ್ತವೆ. ಹೃದಯಾಘಾತದಲ್ಲೂ ಇದೇ ಕಥೆ. ಎಷ್ಟೋ ಜನರಿಗೆ, ಅದರಲ್ಲೂ ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಹೃದಯಾಘಾತ ಎದೆನೋವಾಗಿ ಬರೋದೇ ಇಲ್ಲ. ಹೊಟ್ಟೆಯ ಮೇಲ್ಭಾಗದ ಸಂಕಟ, ವಾಕರಿಕೆ, ಬೆವರಾಗಿ ಬರುತ್ತೆ. ಅದಕ್ಕೆ ಸೋಡಾ ಕುಡಿಸಿ ಕಾಯುತ್ತಾ ಕೂತರೆ ಆಸ್ಪತ್ರೆ ತಲುಪುವ ಹೊತ್ತು ಮೀರಿರುತ್ತೆ.

ಇಂಜಿನಿಯರಿಂಗ್ ಓದುವಾಗ ಕಲಿತ ಒಂದು ಮಾತು: ಅಲಾರಂ ಹೊಡೆದರೆ ಅಲಾರಂ ಕೆಟ್ಟಿದೆ ಅಂತ ಅರ್ಥ ಅಲ್ಲ, ದೋಷ ಬೇರೆಲ್ಲೋ ಇರಬಹುದು. ವಾಂತಿಯೂ ಹಾಗೇ ಒಂದು ಅಲಾರಂ.

ತಪ್ಪು ಜನರದ್ದು ಮಾತ್ರ ಅಂತ ನಾನು ಹೇಳೋದಿಲ್ಲ, ನಮ್ಮದೂ ಇದೆ. ಜಾತ್ರೆಯೂಟ ಮಾಡಿದವರಿಗೆ ವಾಂತಿಯಾದರೆ ಟಿವಿ ಪರದೆಯ ಕೆಳಗೆ 'ಫುಡ್ ಪಾಯಿಸನ್, ಹಲವರು ಅಸ್ವಸ್ಥ' ಅಂತ ಓಡಿಸಿಬಿಡ್ತೇವೆ. ವಾಂತಿ ಕಣ್ಣಿಗೆ ಕಂಡದ್ದು. ಫುಡ್ ಪಾಯಿಸನ್ ಪರೀಕ್ಷೆ ಮಾಡಿ ಹೇಳಬೇಕಾದ ಕಾರಣ. ತೊಂದರೆ ನೀರಿನದ್ದೂ ಇರಬಹುದಲ್ವಾ? ವರದಿ ಬರುವ ಮೊದಲೇ ನಾನೂ ಹಾಗೆ ಓದಿದ್ದೇನೆ. ಈಗ 'ವಾಂತಿ-ಭೇದಿ' ಅಂತಷ್ಟೇ ಓದ್ತೇನೆ.

ಹಾಗಾದರೆ ಡಾಕ್ಟರ ಹತ್ತಿರ ಏನು ಹೇಳಬೇಕು? ಇಂಗ್ಲಿಷ್ ಬೇಡವೇ ಬೇಡ. ಯಾವಾಗ ಶುರುವಾಯ್ತು, ಎಷ್ಟು ಸಲ ಆಯ್ತು, ಜ್ವರ ಇದೆಯಾ, ಬೆವರು ಬಂತಾ, ವಾಂತಿಯಲ್ಲೋ ಮಲದಲ್ಲೋ ರಕ್ತ ಇತ್ತಾ, ಕಾಡಿಗೆ ಹೋಗಿದ್ರಾ, ಇಷ್ಟು ಹೇಳಿ. ವಾಂತಿ-ಭೇದಿ ಆಗ್ತಿದ್ದರೆ ದಾರಿಯುದ್ದಕ್ಕೂ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿದರೆ ಆಯ್ತು.

ಅಜ್ಜಿ ಹೇಳಿದ 'ಹೊಟ್ಟೆ ತೊಳಸ್ತೈತಿ' ಹಳ್ಳಿ ಮಾತು ಅಂತ ನಾಚಿಕೊಳ್ಳಬೇಡಿ. ನಮ್ಮ ಅರ್ಧಂಬರ್ಧ ಇಂಗ್ಲಿಷ್‌ಗಿಂತ ಆ ಮಾತಲ್ಲೇ ಮಾಹಿತಿ ಜಾಸ್ತಿ ಇದೆ.